ಐವತ್ತಮೂರೂವರೆ ಮಿಲಿಗ್ರಾಂ

ಆ ದಿನ ಬೆಳಗ್ಗೆ ಮಳೆ ಎಂದು ಕರೆಯುವಂಥ ಮಳೆಯೇನೂ ಬರುತ್ತಿರಲಿಲ್ಲ. ಕೊಡೆ ಬಿಚ್ಚಿದರೆ ಇಷ್ಟಕ್ಕೆಲ್ಲ ಕೊಡೆಯೇ ಎನ್ನಿಸಬೇಕು, ಬಿಚ್ಚದಿದ್ದರೆ ಹತ್ತು ನಿಮಿಷದಲ್ಲಿ ತಲೆ ಒದ್ದೆಯಾಗಬೇಕು, ಅಂಥ ಜಿನುಗು. ಮೇಲಿನಿಂದ ಬೀಳುತ್ತಿದೆಯೋ ಪಕ್ಕದಿಂದ ಬರುತ್ತಿದೆಯೋ ತಿಳಿಯದ ಹಾಗೆ ಗಾಳಿ ಅದನ್ನು ಮುಖಕ್ಕೇ ತಂದು ಎರಚುತ್ತಿತ್ತು. ಇಲವಾಲದ ಬಸ್ ನಿಲ್ದಾಣದಲ್ಲಿ ನಿಂತವರೆಲ್ಲ ಸೊಪ್ಪಿನ ಕಂತೆಗಳ ಹಾಗೆ ತೊಯ್ದು, ಹುಣಸೂರಿನ ಕಡೆಯಿಂದ ಬರಬೇಕಾದ ಬಸ್ಸಿಗೆ ಕತ್ತು ಉದ್ದ ಮಾಡಿಕೊಂಡಿದ್ದರು.

ಬಸ್ಸಿನಲ್ಲಿ ಸೀಟು ಸಿಕ್ಕಿ, ಸೆರಗಿನಿಂದ ಮುಖ ಒರೆಸಿಕೊಂಡಾಗ ಸರ್ವಮಂಗಳಾಳಿಗೆ ಸೆರಗಿನ ಅಂಚಿನಲ್ಲಿ ಬೆಳ್ಳಗೆ ಏನೋ ಕಂಡಿತು. ಹಣೆ ಮುಟ್ಟಿ ನೋಡಿಕೊಂಡಳು. ಬೆಳಗಿನ ಪೂಜೆಯಲ್ಲಿ ಧರಿಸಿದ್ದ ವಿಭೂತಿ ಪೂರ್ತಿ ತೊಳೆದು ಹೋಗಿತ್ತು. ಉಳಿದದ್ದು ಹುಬ್ಬುಗಳ ನಡುವಿನ ಸ್ಟಿಕ್ಕರ್ ಒಂದೇ. ಬುದ್ಧಿ ತಿಳಿದಂದಿನಿಂದ ವಿಭೂತಿಯಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಏನೋ ಮರೆತು ಬಂದ ಹಾಗೆ, ಕರೆದರೂ ತಿರುಗಿ ನೋಡದೆ ಬಂದ ಹಾಗೆ ಒಂದು ಕಸಿವಿಸಿ ದಾರಿಯುದ್ದಕ್ಕೂ ಅವಳ ಜೊತೆ ಕೂತಿತ್ತು. ಬಸ್ಸು ಊರೊಳಗೆ ಬರುವ ಹೊತ್ತಿಗೆ ಬೆಟ್ಟ ಸೊಂಟದವರೆಗೆ ಮೋಡ ಹೊದ್ದಿರುವುದು ಕಂಡಿತು. ಬೆಟ್ಟದ ತಾಯಿಗೇ ಇವತ್ತು ಮುಖ ತೋರಿಸುವ ಮನಸ್ಸಿಲ್ಲ, ನನ್ನದೇನು ದೊಡ್ಡದು ಎಂದು ಸಮಾಧಾನ ಮಾಡಿಕೊಂಡಳು.

ಮೂವತ್ತಾರು ವರ್ಷದ ಸರ್ವಮಂಗಳಾ ಕಾಲೇಜಿಗೆ ಹೋಗುತ್ತಿದ್ದದ್ದು ಮಗಳನ್ನು ಬಿಡುವುದಕ್ಕಲ್ಲ, ತಾನು ಓದುವುದಕ್ಕೆ. ಅವಳ ತಂದೆ ರುದ್ರಸ್ವಾಮಿಗಳ ಮನೆಯಲ್ಲಿ ಮೂರು ತಲೆಮಾರಿನಿಂದ ಮಠಕ್ಕೆ ವಿಭೂತಿ ಮಾಡಿಕೊಡುವ ಕೆಲಸ. ಸಗಣಿಯ ಬೆರಣಿ ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ಉಂಡೆ ಕಟ್ಟಿ ಮತ್ತೆ ಸುಡುವ ಮನೆಯಲ್ಲಿ ಬೆಳೆದವಳು. ಪಿಯುಸಿಯಲ್ಲಿ ವಿಜ್ಞಾನ ಓದಿ ಚೆನ್ನಾಗಿಯೇ ಪಾಸಾಗಿದ್ದಳು. ಆಮೇಲೆ ಮದುವೆ, ಮಗಳು, ಅತ್ತೆಯ ಕಾಯಿಲೆ, ಒಂದರ ಹಿಂದೆ ಒಂದು. ಗಂಡ ಶಿವಕುಮಾರ್ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೋದ ವರ್ಷ ಅವನೇ ಒಂದು ಸಂಜೆ ಮಡಿಸಿದ ಕರಪತ್ರ ತಂದು ಒಲೆಯ ಪಕ್ಕ ಇಟ್ಟಿದ್ದ. ನಗರದ ಸಮುದಾಯ ಕಾಲೇಜಿನಲ್ಲಿ ನೀರು ಮತ್ತು ಆಹಾರ ಪರೀಕ್ಷೆಯ ಒಂದು ವರ್ಷದ ಡಿಪ್ಲೊಮಾ. ವಯಸ್ಸಿನ ಮಿತಿ ಇಲ್ಲ.

"ವಯಸ್ಸಿನ ಮಿತಿ ಇಲ್ಲ ಅಂದ್ರೆ ನಂಗೇ ಬರ್ದವ್ರೆ ಅಂತಾನಾ?" ಎಂದು ಕೇಳಿದ್ದಳು.

"ನಂಗಂತೂ ಅಲ್ಲ. ನಾನು ಎಸ್ಸೆಸ್ಸೆಲ್ಸಿಲೇ ಮೂರು ಸಲ ಕೂತೋನು," ಎಂದಿದ್ದ ಅವನು.

ಈಗ ಒಂಬತ್ತನೆಯ ಕ್ಲಾಸಿನ ಮಗಳು ನಿಶ್ಚಿತಾ ರಾತ್ರಿ ಊಟಕ್ಕೆ ಮುಂಚೆ ಸೊಂಟದ ಮೇಲೆ ಕೈಯಿಟ್ಟು, "ಅಮ್ಮಾ, ಹೋಮ್‌ವರ್ಕ್ ಮುಗೀತಾ? ಮುಗೀದೆ ಟಿವಿ ಇಲ್ಲ," ಎನ್ನುತ್ತಿದ್ದಳು.

ಕಾಲೇಜು ದೊಡ್ಡದೇನಲ್ಲ. ಎರಡು ಮಹಡಿಯ ಹಳದಿ ಕಟ್ಟಡ, ಮುಂದೆ ಒಂದು ಹೊಂಗೆಮರ, ಹಿಂದೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ. ಬೇರೆಯವರು ನೋಡಿದರೆ ಇಷ್ಟೇನಾ ಎನ್ನಬಹುದು. ಸರ್ವಮಂಗಳಾ ಮಾತ್ರ ಮೊದಲ ದಿನದಿಂದಲೂ ಅದನ್ನು ಕ್ಷೇತ್ರಕ್ಕೆ ಬಂದವಳ ಹಾಗೆ ಸುತ್ತಿ ನೋಡಿದ್ದಳು. ಓದುವ ಕೋಣೆಯಲ್ಲಿ ಪ್ರತಿ ಮೇಜಿಗೂ ಒಂದು ದೀಪ, ಅಲ್ಲಿ ಯಾರೂ ಬಂದು "ಸಾರಿಗೆ ಉಪ್ಪು ಹಾಕಿದ್ಯಾ?" ಎಂದು ಕೇಳುವುದಿಲ್ಲ. ಹೆಂಗಸರಿಗೆಂದೇ ವಿಶ್ರಾಂತಿ ಕೋಣೆ, ಅದರಲ್ಲಿ ಆಳೆತ್ತರದ ಕನ್ನಡಿ, ತಿರುಗಿಸಿದರೆ ನೀರು ಬರುವ ನಲ್ಲಿ. ಮಧ್ಯಾಹ್ನಕ್ಕೆ ಬಿಸಿ ಊಟ. ಎಲ್ಲಕ್ಕಿಂತ ಮಿಗಿಲಾಗಿ ಮೇಲಿನ ಮಹಡಿಯ ರಸಾಯನಶಾಸ್ತ್ರದ ಲ್ಯಾಬು. ಅದರ ಮೂಲೆಯಲ್ಲಿ ಗಾಜಿನ ಯಂತ್ರವೊಂದು ಹಗಲೆಲ್ಲ ನೀರು ಕುದಿಸಿ, ಆವಿ ಮಾಡಿ, ಮತ್ತೆ ತಣಿಸಿ ಹನಿಹನಿಯಾಗಿ ಡಬ್ಬಕ್ಕೆ ಇಳಿಸುತ್ತಿತ್ತು. ಮಳೆಯನ್ನೇ ಕೋಣೆಯೊಳಗೆ ಕಟ್ಟಿಹಾಕಿದ ಹಾಗೆ. ಮೊದಲ ವಾರ ಅವಳು ಪಾಠ ಬಿಟ್ಟು ಅದನ್ನೇ ನೋಡುತ್ತ ನಿಂತದ್ದುಂಟು.

ಲ್ಯಾಬಿಗೆ ಕಾಲಿಡುವಾಗ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಲ್ಯಾಬಿನ ಅಟೆಂಡರ್ ಮರಿಸ್ವಾಮಿಗೆ ಅದನ್ನು ಕಂಡರೆ ನಗು.

"ಮೇಡಮ್ಮೋರೇ, ಗುಡಿ ಕಾಂಪೌಂಡಿಂದ ಆಚೆಗದೆ. ಇಲ್ಲಿ ಇರೋದು ಆಸಿಡ್ಡು."

"ಅಲ್ಲಿ ಇರೋನೇ ಇಲ್ಲೂ ಇರೋದು ಮರಿಸ್ವಾಮಣ್ಣ."

"ಇದ್ರೆ ಪಾಪ, ಕೆಮ್ಮಿ ಕೆಮ್ಮಿ ಸಾಕಾಗಿರ್ತದೆ ಬುಡಿ."

ಕಾಲೇಜು ಕಲಿಸಿದ್ದರಲ್ಲಿ ಅವಳಿಗೆ ಅತಿ ದೊಡ್ಡ ಸೋಜಿಗ ಎನಿಸಿದ್ದು ಒಂದು ಸೋಸುವ ಕಾಗದ. ದುಂಡಗಿನ, ಬಿಳಿಯ, ಸಾಧಾರಣ ಕಾಗದ. ಆದರೆ ಸುಟ್ಟರೆ ಬೂದಿ ಉಳಿಯುವುದಿಲ್ಲ. ಮೇಷ್ಟ್ರು ವಾಗೀಶರು ಅದನ್ನು ಹಿಡಿದು ತೋರಿಸಿ, "ಇದರ ಬೂದಿಯ ತೂಕ ಲೆಕ್ಕಕ್ಕೇ ಬರೋದಿಲ್ಲ. ಅದಕ್ಕೇ ನಮಗೆ ಬೇಕಾದ ಪುಡಿ ಮಾತ್ರ ಉಳಿಯುತ್ತೆ," ಎಂದಾಗ, ಬೂದಿಯಿಂದಲೇ ಅನ್ನ ತಿಂದ ಮನೆಯ ಹೆಣ್ಣುಮಗಳು ಬೆರಗಾಗಿ ಕೂತಿದ್ದಳು. ಸುಟ್ಟ ಮೇಲೂ ಏನೂ ಉಳಿಸಿಕೊಳ್ಳದೆ ಹೋಗುವುದು ಎಂಥ ಪುಣ್ಯ ಎಂದುಕೊಂಡಿದ್ದಳು. ವಾಗೀಶರು ಹೆಚ್ಚು ಮಾತಿನವರಲ್ಲ. ಕೋಪ ಬಂದಾಗ ದನಿ ಏರಿಸುವ ಬದಲು ಇಳಿಸುತ್ತಿದ್ದರು; ಅದಕ್ಕೇ ಎಲ್ಲರೂ ಹೆದರುತ್ತಿದ್ದದ್ದು.

ಪ್ರಯೋಗಕ್ಕೆ ಇಬ್ಬಿಬ್ಬರ ಜೋಡಿ. ಸರ್ವಮಂಗಳಾಳಿಗೆ ಜೋಡಿಯಾಗಿ ಸಿಕ್ಕವಳು ಕಡಕೊಳದ ಸಿಂಚನ. ಹತ್ತೊಂಬತ್ತು ವರ್ಷ, ಕಡ್ಡಿಯ ಹಾಗಿದ್ದಾಳೆ, ಮಾತು ಮಾತ್ರ ಪಟಾಕಿ. ಬೇಸಾಯದ ಮನೆಯವಳು. ಅವರ ಊರಿನ ಕೈಗಾರಿಕಾ ಪ್ರದೇಶದ ಒಂದು ನೀರಿನ ಪರೀಕ್ಷಾ ಕೇಂದ್ರ ಕಾಲೇಜಿನಿಂದ ಇಬ್ಬರನ್ನು ತರಬೇತಿಗೆ ತೆಗೆದುಕೊಳ್ಳುತ್ತೇನೆ ಎಂದಿತ್ತು. ಎಲ್ಲ ಪ್ರಯೋಗಗಳಿಗೂ ಮೇಷ್ಟ್ರ ಸಹಿ ಬಿದ್ದವರ ಹೆಸರು ಮಾತ್ರ ಪಟ್ಟಿಗೆ. ಸಿಂಚನ ಟೈಫಾಯ್ಡಾಗಿ ಮೂರು ವಾರ ಮಲಗಿದ್ದವಳು, ಎದ್ದು ಬಂದು ಬಿಟ್ಟುಹೋದದ್ದನ್ನೆಲ್ಲ ಒಂದೊಂದಾಗಿ ಮಾಡಿ ಮುಗಿಸಿದ್ದಳು. ಉಳಿದದ್ದು ಒಂದೇ ಒಂದು. ಮೇಷ್ಟ್ರು ಕೊಟ್ಟ ದ್ರಾವಣದಲ್ಲಿ ಬೇರಿಯಂ ಎಷ್ಟಿದೆ ಎಂದು ಕಂಡುಹಿಡಿಯುವ ಪ್ರಯೋಗ. ದ್ರಾವಣಕ್ಕೆ ಹನಿಹನಿಯಾಗಿ ಆಮ್ಲ ಬಿಟ್ಟರೆ ಬೇರಿಯಂ ಸಲ್ಫೇಟ್ ಎನ್ನುವ ಬಿಳಿಯ ಪುಡಿ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಕಾಗದದ ಸಮೇತ ಪಿಂಗಾಣಿಯ ಪುಟ್ಟ ಬಟ್ಟಲಲ್ಲಿ ಸುಟ್ಟು, ತಣಿಸಿ, ತೂಗಬೇಕು. ಮೊದಲ ಸಲ ಸಿಂಚನಾಳ ಪುಡಿ ಕಾಗದ ದಾಟಿ ಹರಿದುಹೋಗಿತ್ತು. ಇದು ಎರಡನೆಯ ಸಲ, ಮೂರು ದಿನದ ಕೆಲಸ. ಪಟ್ಟಿ ಹೋಗುವುದು ಇವತ್ತು ಸಂಜೆ ಐದಕ್ಕೆ.

"ಅಕ್ಕಾ, ಇದೊಂದು ಸರಿಯಾಗಿ ಬಂದ್ಬುಟ್ರೆ ಸಾಕು. ನಡ್ಕೊಂಡೇ ಕೆಲ್ಸಕ್ಕೆ ಹೋಗ್ಬೋದು. ಮಧ್ಯಾಹ್ನ ಮನೆಗೆ ಬಂದು ಮುದ್ದೆ ತಿಂದು ಮತ್ತೆ ಹೋಗ್ಬೋದು," ಎಂದು ಬೆಳಗ್ಗೆಯೂ ಹೇಳಿದ್ದಳು. "ಬರ್ನಿಲ್ಲ ಅಂದ್ರೆ ನಮ್ಮಪ್ಪ ಗಾರ್ಮೆಂಟ್ಸ್‌ಗೆ ಸೇರುಸ್ತೀನಿ ಅಂತ ಕೂತೈತೆ."

ಹನ್ನೆರಡಕ್ಕೆ ಇನ್ನೇನು ಐದು ನಿಮಿಷವಿತ್ತು. ಸುಟ್ಟ ಬಟ್ಟಲು ತೇವ ತಾಕದ ಹಾಗೆ ಗಾಜಿನ ಮುಚ್ಚಳದ ಜಾಡಿಯಲ್ಲಿ ಕೂತು ತಣಿದಿತ್ತು. ತಕ್ಕಡಿಯ ಕೋಣೆಯಲ್ಲಿ ಸಿಂಚನಾಳ ಸರದಿ ಬರುವ ಹೊತ್ತಿಗೇ ಆಫೀಸಿನಿಂದ ಕರೆ ಬಂತು, ತರಬೇತಿಯ ಅರ್ಜಿಯಲ್ಲಿ ಫೋಟೋ ಅಂಟಿಸಿಲ್ಲವೆಂದು.

"ಅಕ್ಕಾ, ಸರದಿ ತಪ್ಪೋಗ್ತದೆ, ನೀವೇ ತೂಗಿ ಬರ್ದಿಟ್ಬುಡಿ. ನಿಮ್ ಕೈ ನಡುಗಲ್ಲ," ಎಂದು ಸಿಂಚನ ಮೆಟ್ಟಿಲಿಳಿದು ಓಡಿದಳು.

ತಕ್ಕಡಿಯ ಕೋಣೆ ಪುಟ್ಟದು. ಗಾಜಿನ ಬಾಗಿಲು, ಅಲುಗದ ಕಲ್ಲಿನ ಕಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಉಸಿರು ಜೋರಾಗಿ ಬಿಟ್ಟರೂ ಅಂಕಿ ಕದಲುವಂಥದ್ದು. ಅಲ್ಲಿ ಯಾರೂ ಜೋರಾಗಿ ಮಾತನಾಡುವುದಿಲ್ಲ. ಗರ್ಭಗುಡಿಯ ಹಾಗೆ ಇರುತ್ತದೆ ಎಂದು ಸರ್ವಮಂಗಳಾಳಿಗೆ ಯಾವಾಗಲೂ ಅನ್ನಿಸುತ್ತಿತ್ತು. ಅವಳು ಜಾಡಿಯ ಮುಚ್ಚಳ ಸರಿಸಿ, ಚಿಮಟದಲ್ಲಿ ಬಟ್ಟಲೆತ್ತಿ, ಗಾಜಿನ ತಟ್ಟೆಯ ಮೇಲಿಟ್ಟು ಎಡ ಅಂಗೈಯಲ್ಲಿ ಹಿಡಿದಳು. ಒಳಗೆ ಪುಡಿ ಬೆಳ್ಳಗೆ, ನುಣ್ಣಗೆ, ನೋಡಿದರೆ ಕಣ್ಣು ತಂಪಾಗುವ ಹಾಗಿತ್ತು. ಅಷ್ಟರಲ್ಲಿ ಕಾಂಪೌಂಡಿನ ಆಚೆಯ ಈಶ್ವರನ ಗುಡಿಯಲ್ಲಿ ಮಧ್ಯಾಹ್ನದ ಮಂಗಳಾರತಿಯ ಗಂಟೆ ಬಾರಿಸಿತು. ಅವಳು ಕಣ್ಣು ಮುಚ್ಚಿದಳು. ತಂದೇ, ಈ ಹುಡುಗಿಯ ತೂಕ ಸರಿಯಾಗಿ ಬರಲಿ ಎಂದು ಮನಸಾರೆ ಬೇಡಿಕೊಂಡಳು. ಗಂಟೆ ನಿಂತ ಮೇಲೆ ಕಣ್ಣು ಬಿಟ್ಟು, ಬಟ್ಟಲನ್ನು ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವವರೆಗೆ ಕಾದು, ಸಿಂಚನಾಳ ಪುಸ್ತಕದಲ್ಲಿ ದುಂಡಗೆ ಬರೆದಿಟ್ಟಳು.

ಕಾಲು ಗಂಟೆಯ ಮೇಲೆ ಸಿಂಚನ ಖಾಲಿ ಬಟ್ಟಲಿನ ತೂಕ ಕಳೆದು, ಪುಡಿಯ ತೂಕ ತೆಗೆದು, ಮೇಷ್ಟ್ರ ಮುಂದಿಟ್ಟಳು. ಸೊನ್ನೆ ಪಾಯಿಂಟ್ ನಾಲ್ಕು ಒಂದು ಎರಡು ಏಳು ಗ್ರಾಂ. ವಾಗೀಶರು ತಮ್ಮ ಡೈರಿ ತೆಗೆದು ನೋಡಿದರು. ಅವರ ದನಿ ಇಳಿಯಿತು.

"ಎಷ್ಟು ಬರಬೇಕಿತ್ತು ಗೊತ್ತಾ? ಸೊನ್ನೆ ಪಾಯಿಂಟ್ ನಾಲ್ಕು ಆರು ಆರು ಎರಡು. ಐವತ್ತಮೂರೂವರೆ ಮಿಲಿಗ್ರಾಂ ಕಮ್ಮಿ. ನೂರಕ್ಕೆ ಹನ್ನೊಂದಕ್ಕಿಂತ ಜಾಸ್ತಿ. ಎಲ್ಲಿ ಚೆಲ್ಲಿದಿರಿ?"

"ಸಾರ್, ಎಲ್ಲೂ ಚೆಲ್ಲಿಲ್ಲ ಸಾರ್. ದೇವ್ರಾಣೆಗೂ ಇಲ್ಲ."

"ಚೆಲ್ಲದೆ ಕಮ್ಮಿ ಆಗಲ್ಲಮ್ಮ. ಇಲ್ಲದ ತೂಕಕ್ಕೆ ನಾನು ಸಹಿ ಹಾಕಲಾರೆ."

ಸಿಂಚನ ಪುಸ್ತಕ ಎದೆಗವಚಿಕೊಂಡು ತನ್ನ ಮೇಜಿಗೆ ಬಂದು ಕುಳಿತಳು. ಪಟಾಕಿಯಂಥ ಹುಡುಗಿಯ ಕಣ್ಣೀರು ಮೇಜಿನ ಕಲ್ಲಿನ ಮೇಲೆ ಬೀಳುತ್ತಿತ್ತು. ಸರ್ವಮಂಗಳಾ ಅವಳ ಬೆನ್ನು ಸವರಿದಳು. ಕುಡಿಯಲು ನೀರು ತರುತ್ತೇನೆಂದು ಎದ್ದು ಹೋದಳು.

ವಿಶ್ರಾಂತಿ ಕೋಣೆಯಲ್ಲಿ ಯಾರೂ ಇರಲಿಲ್ಲ. ನಲ್ಲಿ ತಿರುಗಿಸಿ ಲೋಟ ಹಿಡಿಯುವಾಗ ಕನ್ನಡಿಯಲ್ಲಿ ತನ್ನ ಮುಖ ಕಂಡಳು. ನೋಡಿದಳು. ಮತ್ತೊಮ್ಮೆ ನೋಡಿದಳು.

ಹಣೆಯ ಮೇಲೆ ಮೂರು ಗೆರೆಗಳಿದ್ದವು. ಅಡ್ಡಲಾಗಿ, ಒಂದೊಂದು ಬೆರಳಗಲ, ಹಾಲಿನಷ್ಟು ಬಿಳಿ. ಬೆಳಗ್ಗೆ ಮಳೆ ತೊಳೆದುಕೊಂಡು ಹೋದ ಹಣೆಯ ಮೇಲೆ, ಮನೆಯಿಂದ ಧರಿಸಿ ಬಾರದ ವಿಭೂತಿ.

ಬಲಗೈ ಎತ್ತಿ ನೋಡಿಕೊಂಡಳು. ನಡುವಿನ ಮೂರು ಬೆರಳುಗಳ ತುದಿಯ ಗೆರೆಗಳಲ್ಲಿ ಪುಡಿ ಇನ್ನೂ ಮೆತ್ತಿತ್ತು. ಆಗ ಎಲ್ಲ ತಿಳಿಯಿತು. ಗಂಟೆ ಬಾರಿಸಿದಾಗ ಎಡಗೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬಿಳಿಯ ಪುಡಿ. ಕಣ್ಣು ಮುಚ್ಚಿದ್ದು ಅವಳು. ಮೂರು ಬೆರಳು ಅದ್ದಿ ಹಣೆಗೆ ಎಳೆದದ್ದು ಮೂವತ್ತು ವರ್ಷದ ಅಭ್ಯಾಸ. ದಿನವೂ ವಿಭೂತಿ ಧರಿಸಿಯೇ ಬರುವವಳಾದ್ದರಿಂದ ಲ್ಯಾಬಿನಲ್ಲಿ ಯಾರ ಕಣ್ಣಿಗೂ ಅದು ಹೊಸದಾಗಿ ಕಂಡಿರಲಿಲ್ಲ. ಯಾರ ತೂಕ ಸರಿಯಾಗಲಿ ಎಂದು ಬೇಡಿಕೊಂಡಳೋ ಅವಳದನ್ನೇ ತೆಗೆದು ಹಣೆಗೆ ಹಚ್ಚಿಕೊಂಡಿದ್ದಳು.

ನಲ್ಲಿಯ ನೀರು ಲೋಟ ತುಂಬಿ ಹೊರಗೆ ಹರಿಯುತ್ತಿತ್ತು. ಒಂದು ಬೊಗಸೆ ನೀರು ಸಾಕು. ಮುಖ ತೊಳೆದು ಹೋದರೆ ಆಯಿತು. ಬೆಳಗ್ಗೆ ಮಳೆ ಮಾಡಿದ ಕೆಲಸವನ್ನೇ ಈಗ ನಲ್ಲಿ ಮಾಡುತ್ತದೆ. ಕೇಳುವವರಾರು? ಹೇಳಿದರೆ ನಗುತ್ತಾರೆ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹನ್ನೊಂದು ಮಂದಿಯ ನಡುವೆ ಅವಳೊಬ್ಬಳೇ ಸೆರಗಿನವಳು. ಲ್ಯಾಬಿನಲ್ಲಿ ಪುಡಿಯನ್ನು ಮೈಗೆ ತಾಕಿಸಬಾರದು ಎನ್ನುವುದು ಗೋಡೆಯ ಮೇಲೆ ಬರೆದಿರುವ ಮೊದಲ ನಿಯಮ. ಅದನ್ನು ಮುರಿದವರನ್ನು ವಾಗೀಶರು ಹೊರಗೆ ಕಳಿಸಿದ್ದನ್ನು ಅವಳೇ ನೋಡಿದ್ದಳು. ಈ ಹೊಂಗೆಮರ, ಆ ದೀಪದ ಮೇಜು, ಕಟ್ಟಿಹಾಕಿದ ಆ ಮಳೆ, ಎಲ್ಲ ಒಂದು ಗಳಿಗೆಯಲ್ಲಿ ಕೈ ಜಾರಿದ ಹಾಗಾಯಿತು. ಎಡಗೈ ನೀರಿನ ಕೆಳಗೆ ಹೋಯಿತು ಕೂಡ.

ಆ ನೀರನ್ನು ಹಣೆಗೆ ಒಯ್ಯಲು ಆಗಲಿಲ್ಲ. ಇದು ನನ್ನದಲ್ಲ, ಚೆಲ್ಲುವ ಅಧಿಕಾರವೂ ನನ್ನದಲ್ಲ ಎಂದು ಒಳಗಿನಿಂದ ಯಾರೋ ಮೆಲ್ಲಗೆ ಹೇಳಿದ ಹಾಗಾಯಿತು. ಎಡಗೈಯಿಂದ ನಲ್ಲಿ ನಿಲ್ಲಿಸಿದಳು. ನೀರಿಗೆ ತಾಗದಂತೆ ಬಲಗೈಯ ಮೂರು ಬೆರಳನ್ನು ಎತ್ತಿ ಹಿಡಿದುಕೊಂಡು, ತುಂಬಿದ ದೀಪ ಹೊತ್ತವಳ ಹಾಗೆ ತಲೆ ಅಲುಗಿಸದೆ ಮೆಟ್ಟಿಲು ಹತ್ತಿದಳು.

"ಸರ್," ಎಂದಳು ಲ್ಯಾಬಿನ ನಡುವೆ ನಿಂತು. ಎಲ್ಲರೂ ತಿರುಗಿದರು. "ಸಿಂಚನ ಎಲ್ಲೂ ಚೆಲ್ಲಲಿಲ್ಲ. ಅವಳ ಪುಡಿ ಇಲ್ಲಿದೆ."

ವಾಗೀಶರಿಗೆ ಅರ್ಥವಾಗಲಿಲ್ಲ. ಅವಳು ಹಣೆ ತೋರಿಸಿ, ಗಂಟೆಯ ಸದ್ದಿನಿಂದ ಹಿಡಿದು ಕನ್ನಡಿಯವರೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಅಯ್ಯೋ ಶಿವನೇ!" ಎಂದ ಮರಿಸ್ವಾಮಿ. "ಮೇಡಮ್ಮೋರು ಲ್ಯಾಬನ್ನೇ ಹಚ್ಕೊಂಡ್ಬುಟ್ಟವ್ರೆ!"

ನಗು ಸಿಡಿಯಿತು. ಹಿಂದಿನ ಮೇಜಿನ ಹುಡುಗನೊಬ್ಬ, "ಸರ್, ಆಂಟಿಗೆ ಫುಲ್ ಮಾರ್ಕ್ಸ್ ಹಣೇಲೇ ಬರ್ದಿದೆ!" ಎಂದ. ವಾಗೀಶರು ನಗಲಿಲ್ಲ. ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ಅವಳ ಹಣೆ ನೋಡಿದರು.

"ಸರ್ವಮಂಗಳಾ ಅವರೇ, ಸುಟ್ಟು ಮುಗಿದ ಬಟ್ಟಲಿಂದಲೇ ತಗೊಂಡಿರಿ ತಾನೆ? ಬೇರಾವ ಬಾಟಲಿಯೂ ಅಲ್ಲ ತಾನೆ?"

"ಇಲ್ಲ ಸರ್. ಅದೊಂದೇ."

ಅವರು ಉಸಿರು ಬಿಟ್ಟರು. "ಬದುಕಿದಿರಿ. ಇದನ್ನೇ ನೀರಲ್ಲಿ ಕಲಸಿ, ಹೊಟ್ಟೆಯ ಎಕ್ಸ್‌ರೇ ತೆಗೆಯೋವಾಗ ಆಸ್ಪತ್ರೆಯಲ್ಲಿ ಕುಡಿಸ್ತಾರೆ. ಆದರೆ ಪಕ್ಕದ ಕಪಾಟಿನ ಬೇರಿಯಂ ಕ್ಲೋರೈಡ್ ಆಗಿದ್ದರೆ ವಿಷ. ಎರಡೂ ಬಿಳಿಯೇ. ದೇವರಿಗೆ ಗೊತ್ತಾಗುತ್ತೆ, ಬೆರಳಿಗೆ ಗೊತ್ತಾಗಲ್ಲ." ಅವರ ದನಿ ತೀರ ಇಳಿದಿತ್ತು. ಸರ್ವಮಂಗಳಾ ತಲೆ ತಗ್ಗಿಸಲು ಹೋದವಳು, ಪುಡಿ ಉದುರೀತೆಂದು ಹೆದರಿ ನೆಟ್ಟಗೇ ನಿಂತಳು.

ಅವಳನ್ನು ಹೆಚ್ಚು ಚುಚ್ಚಿದ್ದು ಸಿಂಚನಾಳ ನೋಟ. "ನಂಬಿ ಕೊಟ್ನಲ್ಲಕ್ಕ," ಎಂದಳು ಆ ಹುಡುಗಿ, ಅಷ್ಟೇ.

"ತಪ್ಪು ಯಾರದೋ ಗೊತ್ತಾಯ್ತು," ಎಂದರು ವಾಗೀಶರು ಸಿಂಚನಾಳ ಕಡೆ ತಿರುಗಿ. "ಆದರೆ ಹೋದದ್ದು ಹೋಯ್ತಲ್ಲಮ್ಮ. ಮತ್ತೆ ಮೊದಲಿಂದ ಮಾಡೋಕೆ ಹೊತ್ತಿಲ್ಲ."

"ಹೋಗಿಲ್ಲ ಸರ್," ಎಂದಳು ಸರ್ವಮಂಗಳಾ. ತಾನು ಇಷ್ಟು ಗಟ್ಟಿಯಾಗಿ ಮಾತಾಡಬಲ್ಲೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ನಮ್ಮಪ್ಪ ವಿಭೂತಿ ನೆಲಕ್ಕೆ ಚೆಲ್ಲಿದರೆ ತುಳಿಯೋಕೆ ಬಿಡ್ತಿರಲಿಲ್ಲ. ಮಣ್ಣಿನ ಸಮೇತ ಬಳಿದು ನೀರಿಗೆ ಹಾಕೋರು. ಕಸ ಮೇಲೆ ತೇಲುತ್ತೆ, ಮಣ್ಣು ಮೊದಲು ಕೂರುತ್ತೆ, ವಿಭೂತಿ ನಿಧಾನಕ್ಕೆ ಕೂರುತ್ತೆ. ಮೂರು ಸಲ ಬಸಿದರೆ ಶುದ್ಧವಾಗಿ ವಾಪಸ್ ಸಿಗೋದು. ಈ ಪುಡಿ ನೀರಲ್ಲಿ ಕರಗಲ್ಲ, ಆಸಿಡ್‌ನಲ್ಲೂ ಕರಗಲ್ಲ, ಸುಟ್ಟರೂ ಹೋಗಲ್ಲ ಅಂತ ನೀವೇ ಹೇಳಿದ್ದೀರಿ. ಹಣೆ ತೊಳೆದ ನೀರನ್ನ ಸೋಸಿದರೆ ಆಗಲ್ವಾ ಸರ್?"

ವಾಗೀಶರು ಬೆರಳಲ್ಲಿ ಗಲ್ಲ ಉಜ್ಜಿಕೊಂಡರು.

"ಬೆವರಿನ ಉಪ್ಪು ನೀರಿಗೆ ಹೋಗುತ್ತೆ," ಎಂದರು ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಎಣ್ಣೆ, ಚರ್ಮ, ಕೂದಲು ಕುಲುಮೆಯಲ್ಲಿ ಸುಟ್ಟುಹೋಗುತ್ತೆ. ಬೆಳಗ್ಗೆ ನಿಜವಾದ ವಿಭೂತಿ ಹಚ್ಚಿದ್ದಿರಾ?"

"ಹಚ್ಚಿದ್ದೆ. ಮಳೆಗೆ ಹೋಯ್ತು ಸರ್."

"ಚೂರು ಉಳಿದಿದ್ದರೂ ಬಿಸಿ ಆಸಿಡ್ ತಗೊಳ್ಳುತ್ತೆ, ಅದು ಕರಗೋ ಜಾತಿ. ಹಂ." ಅವರ ಮುಖದಲ್ಲಿ ಮೊದಲ ಬಾರಿಗೆ ಏನೋ ಬೆಳಗಿತು. "ಮರಿಸ್ವಾಮಿ, ದೊಡ್ಡ ಪಿಂಗಾಣಿ ಬೋಗುಣಿ ತಗೊಂಡು ಬಾ. ತೊಳೆಯೋ ಬಾಟಲಿ. ಜೊತೆಗೆ ಪೊಲೀಸ್‌ಮನ್."

ತುದಿಗೆ ರಬ್ಬರ್ ಹಾಕಿದ, ಪಾತ್ರೆಗೆ ಅಂಟಿದ ಪುಡಿ ಕೆರೆಯುವ ಗಾಜಿನ ಕಡ್ಡಿಗೆ ಲ್ಯಾಬುಗಳಲ್ಲಿ ಆ ಹೆಸರು. ಮರಿಸ್ವಾಮಿ ತರುತ್ತ, "ಕೊನೆಗೂ ಮೇಡಮ್ಮೋರಿಗೆ ಪೊಲೀಸು ಕರ್ಸಿಬುಟ್ರಲ್ಲಪ್ಪ," ಎಂದ.

"ಸಿಂಚನಾ, ಪುಡಿ ನಿನ್ನದು. ತೊಳೆಯೋಳು ನೀನೇ," ಎಂದರು ಮೇಷ್ಟ್ರು.

ಸರ್ವಮಂಗಳಾ ಸ್ಟಿಕ್ಕರ್ ತೆಗೆದು, ಕೂದಲು ಹಿಂದಕ್ಕೆ ಕಟ್ಟಿ, ಬೋಗುಣಿಯ ಮೇಲೆ ಬಾಗಿ ಕಣ್ಣು ಮುಚ್ಚಿದಳು. ಸಿಂಚನ ಬಾಟಲಿ ಅದುಮಿದಳು. ಮೊದಲ ಧಾರೆಯಲ್ಲಿ ಸಿಟ್ಟಿತ್ತು. ನೀರು ಚುರುಕಾಗಿ ಬಡಿಯಿತು, ಗಾಜಿನ ಕಡ್ಡಿ ಒತ್ತಿ ಎಳೆಯಿತು. ಎರಡನೆಯ ಗೆರೆಗೆ ಬರುವಾಗ ಕೈ ನಿಧಾನವಾಯಿತು. ಮೂರನೆಯ ಗೆರೆಯ ಹೊತ್ತಿಗೆ ಆ ಹುಡುಗಿ ಇನ್ನೊಂದು ಕೈಯಿಂದ ಅವಳ ಗಲ್ಲ ಹಿಡಿದು, ಮಗುವಿಗೆ ತಲೆಗೆರೆಯುವವಳ ಹಾಗೆ, ಹುಬ್ಬಿನ ಸಂದಿಯಲ್ಲೆಲ್ಲ ಸವರಿ ಇಳಿಸುತ್ತಿದ್ದಳು. ಮೂಲೆಯ ಯಂತ್ರ ಹಗಲೆಲ್ಲ ಹನಿಹನಿಯಾಗಿ ಕೂಡಿಟ್ಟ ನೀರು ಅದು. ಅದು ಹಣೆಯಿಂದ ಮೂಗಿನ ತುದಿಗೆ, ಅಲ್ಲಿಂದ ಬೋಗುಣಿಗೆ ತೊಟ್ಟಿಕ್ಕುವಾಗ ಸರ್ವಮಂಗಳಾಳಿಗೆ ಅಭಿಷೇಕದ ನೆನಪಾಗಿ ಮೈ ನವಿರೆದ್ದಿತು. ಯಾರಿಗೆ ಯಾವ ರೂಪದಲ್ಲಿ ನೀರೆರೆಸಿಕೊಳ್ಳುವ ಭಾಗ್ಯವೋ ಎಂದುಕೊಂಡಳು.

"ಬೆರಳು ಕೊಡಿ," ಎಂದಳು ಸಿಂಚನ. ಮೂರು ಬೆರಳನ್ನೂ ತೊಳೆದಳು. "ಪೆನ್ನು ಹಿಡ್ದಿದ್ರಾ?"

"ಹೂಂ, ನಿನ್ನ ಪುಸ್ತಕದಲ್ಲಿ ಬರೆಯೋವಾಗ."

"ಅದೂ ಕೊಡಿ." ಪೆನ್ನನ್ನೂ ತೊಳೆದಳು. ಮರಿಸ್ವಾಮಿಗೆ ಬಾಯಿ ತಡೆಯಲಿಲ್ಲ. "ಸೆರಗು ಹಿಂಡಿಬುಡು ಕಣವ್ವ, ಅದ್ಯಾಕೆ ಬುಟ್ಟೀಯ?" ಈ ಸಲ ಸಿಂಚನಾಳೂ ನಕ್ಕಳು.

ಮುಂದಿನ ಕೆಲಸ ಸರ್ವಮಂಗಳಾಳದು. ಆ ನೀರಿಗೆ ಚೂರು ಆಮ್ಲ ಬಿಟ್ಟು ಬಿಸಿಮಾಡಿ, ಪುಡಿ ತಳಕ್ಕೆ ಕೂರುವವರೆಗೆ ಕಾದಳು. ಹೊರಗೆ ಎಲ್ಲರೂ ಊಟಕ್ಕೆ ಹೋದರು. ಬೋಗುಣಿ ಅಲುಗಿಸಬಾರದು, ತಿಳಿ ಬಸಿಯುವಾಗ ಕೈ ನಿಲ್ಲಬಾರದು, ಕೊನೆಯ ಹನಿಗೆ ಆಸೆಪಡಬಾರದು. ಇದನ್ನೆಲ್ಲ ಅವಳಿಗೆ ಯಾವ ಪುಸ್ತಕವೂ ಕಲಿಸಬೇಕಿರಲಿಲ್ಲ. ಬೂದಿಯಿಲ್ಲದ ಕಾಗದ ಮಡಿಸಿ, ಆಲಿಕೆಗಿಟ್ಟು, ಮೂರು ಸಲ ತೊಳೆದಳು. ವಾಗೀಶರು ಊಟ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಇಪ್ಪತ್ತೆರಡು ವರ್ಷದಿಂದ ಕಲಿಸ್ತಿದ್ದೀನಿ. ನನಗೂ ಹೀಗೆ ಬಸಿಯೋಕೆ ಬರಲ್ಲ," ಎಂದು ಹೇಳಿ ಒಳಗೆ ಹೋದರು. ಆ ಮಾತು ಅವಳಿಗೆ ಊಟದ ಬದಲಾಯಿತು.

ಕಾಗದ ಬೇರೆಯದೇ ಒಂದು ಬಟ್ಟಲಲ್ಲಿ ಕುಲುಮೆಗೆ ಹೋಯಿತು. ಮುಕ್ಕಾಲು ಗಂಟೆಯ ನಂತರ ಕೆಂಪಾಗಿ ಹೊರಬಂದು, ಜಾಡಿಯಲ್ಲಿ ಕೂತು ತಣಿಯಿತು. ಒಳಗೆ ಚಿಟಿಕೆಯಷ್ಟು ಬಿಳುಪು. ನಾಲ್ಕೂ ಇಪ್ಪತ್ತಕ್ಕೆ ತಕ್ಕಡಿಯ ಕೋಣೆಯ ಗಾಜಿನಾಚೆ ಇಡೀ ತರಗತಿ ಮೂಗೊತ್ತಿ ನಿಂತಿತ್ತು. ಈ ಸಲ ತೂಗಿದವರು ಮೇಷ್ಟ್ರೇ. ಅಂಕಿಗಳು ಓಡಿದವು, ತಡವರಿಸಿದವು, ನಿಂತವು.

"ಐವತ್ತೊಂದು ಪಾಯಿಂಟ್ ಒಂಬತ್ತು ಮಿಲಿಗ್ರಾಂ," ಎಂದು ಓದಿದರು. ಬರೆದು ಕೂಡಿದರು. "ಸೊನ್ನೆ ಪಾಯಿಂಟ್ ನಾಲ್ಕು ಆರು ನಾಲ್ಕು ಆರು. ಸಾವಿರಕ್ಕೆ ಮೂರೂವರೆಯಷ್ಟು ಕಮ್ಮಿ. ನಿಮ್ಮಲ್ಲಿ ಹಣೆಗೆ ಹಚ್ಚಿಕೊಳ್ಳದೆ ತೂಗಿದವರೇ ಇದಕ್ಕಿಂತ ಕೆಟ್ಟದಾಗಿ ತಂದಿದ್ದೀರಿ."

"ಉಳಿದ ಒಂದೂವರೆ ಚಿಲ್ಲರೆ ಮಿಲಿಗ್ರಾಂ?" ಎಂದು ಯಾರೋ ಕೇಳಿದರು.

"ಅದು ದೇವರ ಪಾಲು ಅಂತ ಬರೆಯೋಕಾಗಲ್ಲ. ಪ್ರಯೋಗದ ನಷ್ಟ ಅಂತ ಬರೀಬೇಕು." ಸಿಂಚನಾಳ ಪುಸ್ತಕ ಎಳೆದುಕೊಂಡು, ನಡೆದದ್ದನ್ನು ಒಂದಕ್ಷರವೂ ಮರೆಮಾಚದೆ ಬರೆಸಿದರು: ಜೊತೆಗಾರ್ತಿಯ ಅಚಾತುರ್ಯದಿಂದ ಪುಡಿಯ ಒಂದು ಭಾಗ ಅವರ ಹಣೆಗೆ ಹೋದದ್ದು, ಅದನ್ನು ತೊಳೆದು, ಸೋಸಿ, ಸುಟ್ಟು ಮರಳಿ ಪಡೆದದ್ದು, ಎರಡು ಬಟ್ಟಲಿನ ತೂಕಗಳು. ಕೆಳಗೆ ಸಹಿ ಹಾಕಿದರು. ಸರ್ವಮಂಗಳಾಳ ಕಡೆ ತಿರುಗಿ, "ನಾಳೆ ಬರೋವಾಗ ಸುರಕ್ಷತೆಯ ನಿಯಮ ಇಪ್ಪತ್ತು ಸಲ ಬರೆದು ತನ್ನಿ. ಮಗಳ ಹತ್ತಿರ ಬರೆಸಬೇಡಿ," ಎಂದರು. ಹೊರಗೆ ಕಳಿಸುವ ಮಾತು ಬರಲಿಲ್ಲ. ನಾಳೆ ಎನ್ನುವ ಒಂದು ಮಾತಿಗೇ ಅವಳ ಕಣ್ಣು ತುಂಬಿತು. ಕೈ ಮುಗಿದಳು, ಅವರು ನೋಡದವರ ಹಾಗೆ ಪಟ್ಟಿ ಹಿಡಿದು ಆಫೀಸಿನ ಕಡೆ ನಡೆದರು.

ಕೋಣೆ ಖಾಲಿಯಾಯಿತು. ಕಲ್ಲಿನ ಕಟ್ಟೆಯ ಮೇಲೆ ಎರಡು ಬಟ್ಟಲುಗಳು ಉಳಿದಿದ್ದವು. ಪರೀಕ್ಷಕರು ನೋಡಿಹೋಗುವವರೆಗೆ ಪುಡಿಯನ್ನು ಹೆಸರು ಬರೆದು ಕಪಾಟಿನಲ್ಲಿ ಇಡಬೇಕೆನ್ನುವುದು ಅಲ್ಲಿಯ ಪದ್ಧತಿ. ಸಿಂಚನ ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದಳು.

ಸರ್ವಮಂಗಳಾ ಪುಟ್ಟ ಕುಂಚ ತೆಗೆದುಕೊಂಡಳು. ತನ್ನ ಹಣೆಯ ಪುಡಿಯಿದ್ದ ಬಟ್ಟಲನ್ನು ಚಿಮಟದಲ್ಲಿ ಓರೆ ಹಿಡಿದು, ಅದರೊಳಗಿನ ಬಿಳುಪನ್ನು ಒಂದು ಕಣವೂ ಹಿಂದುಳಿಯದ ಹಾಗೆ ಸಿಂಚನಾಳ ಬಟ್ಟಲಿಗೆ ಬಳಿದು ಹಾಕಿದಳು. ಕುಂಚವನ್ನು ಅಂಚಿಗೆ ಎರಡು ಸಲ ಮೆಲ್ಲಗೆ ತಟ್ಟಿದಳು. ಬಟ್ಟಲನ್ನು ಗಾಜಿನ ತಟ್ಟೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ಆ ಹುಡುಗಿಯ ಮುಂದೆ ಚಾಚಿದಳು.

"ತಗೋ ಕಣಮ್ಮ."

ಸಿಂಚನ ಎರಡೂ ಕೈಯಲ್ಲಿ ತೆಗೆದುಕೊಂಡಳು.